ಸೂಚ್ಯಂಕ ಏರಿದೆ, ನನ್ನ ಆರ್ಡರ್ ಇಳಿದಿದೆ: ಯಾವುದನ್ನು ನಂಬಲಿ?

ಪ್ರಶ್ನೆ: ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನನ್ನದು. ಇಪ್ಪತ್ತೆರಡು ಜನ ಕೆಲಸಕ್ಕಿದ್ದಾರೆ. ಮೂರು ತಿಂಗಳಿಂದ ಹೊಸ ಆರ್ಡರ್ ಇಳಿಯುತ್ತಲೇ ಇದೆ. ಆದರೆ ತಿಂಗಳ ಮೊದಲ ವಾರ ಸುದ್ದಿ ನೋಡಿದರೆ ‘ಉದ್ಯಮಗಳ ವಿಶ್ವಾಸ ಹೆಚ್ಚಳ, ಸೂಚ್ಯಂಕ 54ಕ್ಕೆ’ ಅಂತ ಇರುತ್ತದೆ. 54 ಅಂದರೆ ನೂರಕ್ಕೆ 54 ಮಂದಿಗೆ ವಿಶ್ವಾಸ ಇದೆ ಅಂತಲೇ? ಕೆಲವು ನೂರು ಕಂಪನಿಗಳನ್ನು ಕೇಳಿ ಇಡೀ ದೇಶದ ಸ್ಥಿತಿ ಹೇಳೋದಕ್ಕೆ ಆಗುತ್ತದೆಯೇ? ಸಾಲ ಮಾಡಿ ಇನ್ನೊಂದು ಯಂತ್ರ ಹಾಕಬೇಕು ಅಂದುಕೊಂಡಿದ್ದೆ. ಈಗ ಸುದ್ದಿಯನ್ನು ನಂಬಲೋ, ನನ್ನ ಆರ್ಡರ್ ಪುಸ್ತಕವನ್ನು ನಂಬಲೋ ಗೊತ್ತಾಗುತ್ತಿಲ್ಲ. ಇಂಥದ್ದೇ ಒಂದು ಸಮೀಕ್ಷೆಗೆ ಸೇರಿ ಅಂತ ನನಗೂ ಫಾರ್ಮ್ ಬಂದಿದೆ. ಅದನ್ನು ತುಂಬುವುದರಿಂದ ಏನಾದರೂ ಉಪಯೋಗ ಇದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲೆಕ್ಕದ ಪ್ರಶ್ನೆಗಳ ಹಿಂದೆ ಇನ್ನೊಂದು ಪ್ರಶ್ನೆ ಇದೆ ಅನ್ನಿಸಿತು: ‘ಎಲ್ಲರಿಗೂ ಚೆನ್ನಾಗಿ ನಡೆಯುತ್ತಿರುವಾಗ ನನಗೆ ಮಾತ್ರ ಯಾಕೆ ಹೀಗೆ?’ ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಎಲ್ಲರಿಗೂ ಚೆನ್ನಾಗಿ ನಡೆಯುತ್ತಿದೆ ಅಂತ ಆ 54 ಹೇಳುತ್ತಲೇ ಇಲ್ಲ. ನಿಮ್ಮ ಆರ್ಡರ್ ಇಳಿದದ್ದೂ ನಿಜ, ಸೂಚ್ಯಂಕ 54 ಆದದ್ದೂ ನಿಜ. ಎರಡೂ ಒಟ್ಟಿಗೆ ನಿಜ ಆಗಬಹುದು.

ಅದು ಹೇಗೆ ಅಂತ ತಿಳಿಯಲು ಈ ಅಂಕಿ ಹುಟ್ಟುವ ಜಾಗಕ್ಕೆ ಹೋಗೋಣ. ಸಮೀಕ್ಷೆಯ ಫಾರ್ಮ್ ತುಂಬಾ ಸರಳ. ‘ಕಳೆದ ತಿಂಗಳಿಗೆ ಹೋಲಿಸಿದರೆ ಈ ತಿಂಗಳು ನಿಮ್ಮ ಹೊಸ ಆರ್ಡರ್ ಹೇಗಿದೆ?’ ಅಂತ ಒಂದು ಸಾಲು. ಅದರ ಮುಂದೆ ಮೂರು ಚೌಕ: ಜಾಸ್ತಿ, ಅಷ್ಟೇ, ಕಡಿಮೆ. ಎಷ್ಟು ಜಾಸ್ತಿ ಅಂತ ಕೇಳುವುದಿಲ್ಲ, ಹಣದ ಲೆಕ್ಕವನ್ನೂ ಕೇಳುವುದಿಲ್ಲ. ಒಂದು ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು.

ನೂರು ಕಂಪನಿಗಳು ಹೀಗೆ ಗುರುತು ಹಾಕಿದವು ಅಂದುಕೊಳ್ಳಿ. 28 ಕಂಪನಿಗಳು ‘ಜಾಸ್ತಿ’ ಅಂದವು, 52 ‘ಅಷ್ಟೇ’ ಅಂದವು, 20 ‘ಕಡಿಮೆ’ ಅಂದವು. ‘ಜಾಸ್ತಿ’ ಅಂದವರನ್ನು ಪೂರ್ತಿ ಎಣಿಸುತ್ತೇವೆ, ‘ಅಷ್ಟೇ’ ಅಂದವರನ್ನು ಅರ್ಧ ಎಣಿಸುತ್ತೇವೆ. 28ಕ್ಕೆ 26 ಸೇರಿದರೆ 54. ಇದೇ ಆ 54. ಈಗ ಅದರ ಒಳಗೆ ನೋಡಿ. ಆರ್ಡರ್ ಕಡಿಮೆಯಾದ ಇಪ್ಪತ್ತು ಕಂಪನಿಗಳು ಅಲ್ಲೇ ಇವೆ. ನೀವು ಆ ಇಪ್ಪತ್ತರಲ್ಲಿ ಒಬ್ಬರು.

ಎಲ್ಲರೂ ‘ಅಷ್ಟೇ’ ಅಂದರೆ ಸರಿಯಾಗಿ 50 ಬರುತ್ತದೆ. ಅದಕ್ಕೇ 50 ಅನ್ನೋದು ಗಡಿ ಗೆರೆ. ಕೆಲವು ಸಮೀಕ್ಷೆಗಳು ಇದೇ ಉತ್ತರಗಳನ್ನು ಬೇರೆ ಥರ ಬರೆಯುತ್ತವೆ. ‘ಜಾಸ್ತಿ’ಯಿಂದ ‘ಕಡಿಮೆ’ ಕಳೆದು ‘ಪ್ಲಸ್ 8’ ಅನ್ನುತ್ತವೆ. ಭಾರತೀಯ ರಿಸರ್ವ್ ಬ್ಯಾಂಕು 1998ರಿಂದ ಮೂರು ತಿಂಗಳಿಗೊಮ್ಮೆ ನಡೆಸುವ ಕೈಗಾರಿಕಾ ಮುನ್ನೋಟ ಸಮೀಕ್ಷೆಯ ಸೂಚ್ಯಂಕಕ್ಕೆ 0ಯಿಂದ 200ರ ಅಳತೆ ಇದೆ, ಅಲ್ಲಿ 100 ಗಡಿ ಗೆರೆ. ಮೇಲಿನ ಉತ್ತರಗಳನ್ನೇ ಆ ಅಳತೆಗೆ ಹಾಕಿದರೆ 108 ಬರುತ್ತದೆ. 54, ಪ್ಲಸ್ 8, 108 ಮೂರೂ ಒಂದೇ ಸುದ್ದಿ. ಸುದ್ದಿಯಲ್ಲಿ 108 ಕಂಡರೆ ಹಿಗ್ಗುವವರು 54 ಕಂಡಾಗ ಅನುಮಾನ ಪಡುತ್ತಾರೆ. ಅಳತೆ ಯಾವುದು ಅಂತ ಮೊದಲು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: 54 ಅನ್ನೋದು ಶೇಕಡಾವಾರು ವಿಶ್ವಾಸ ಅಲ್ಲ. ಆರ್ಥಿಕತೆ ಶೇಕಡಾ 4ರಷ್ಟು ಬೆಳೆಯಿತು ಅಂತಲೂ ಅಲ್ಲ. ಏರಿಕೆ ಎಷ್ಟು ಕಡೆ ಹರಡಿದೆ ಅಂತ ಮಾತ್ರ ಅದು ಹೇಳುತ್ತದೆ. ಏರಿಕೆ ಎಷ್ಟು ಆಳವಾಗಿದೆ ಅಂತ ಹೇಳುವುದಿಲ್ಲ. ಆರ್ಡರ್ ಶೇಕಡಾ 1ರಷ್ಟು ಏರಿದವನೂ ಶೇಕಡಾ 40ರಷ್ಟು ಏರಿದವನೂ ಒಂದೇ ಚೌಕಕ್ಕೆ ಗುರುತು ಹಾಕುತ್ತಾರೆ ಅಲ್ವಾ? ಇನ್ನೂ ಒಂದು ಮಾತು. ಹತ್ತು ಕಂಪನಿಗಳಲ್ಲಿ ಎರಡು ‘ಜಾಸ್ತಿ’, ಎಂಟು ‘ಅಷ್ಟೇ’ ಅಂದರೂ 60 ಬರುತ್ತದೆ. ಆರು ‘ಜಾಸ್ತಿ’, ನಾಲ್ಕು ‘ಕಡಿಮೆ’ ಅಂದರೂ 60 ಬರುತ್ತದೆ. ಮೊದಲನೆಯದರಲ್ಲಿ ಯಾರಿಗೂ ತೊಂದರೆ ಇಲ್ಲ. ಎರಡನೆಯದರಲ್ಲಿ ಹತ್ತರಲ್ಲಿ ನಾಲ್ಕು ಘಟಕಗಳು ಕಷ್ಟದಲ್ಲಿವೆ. ಸುದ್ದಿಯಲ್ಲಿ ಮಾತ್ರ ಒಂದೇ 60.

ಗಡಿ ಗೆರೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ. ಸೂಚ್ಯಂಕ 56ರಿಂದ 54ಕ್ಕೆ ಬಂದರೆ ‘ಉದ್ಯಮ ಕುಸಿತ’ ಅಂತ ತಲೆಬರಹ ಕೊಡುವವರಿದ್ದಾರೆ. ಕುಸಿದಿಲ್ಲ. 50ರ ಮೇಲೆ ಇರುವಷ್ಟು ಕಾಲ ಏರುವವರು ಇಳಿಯುವವರಿಗಿಂತ ಜಾಸ್ತಿ ಇದ್ದಾರೆ ಅಂತಲೇ ಅರ್ಥ. ಇದರ ತಿರುವು ಮುರುವೂ ನಡೆಯುತ್ತದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಇದ್ದಾಗ, ಭಾರತದ ಸೇವಾ ವಲಯದ ಪಿಎಂಐ 5.4ಕ್ಕೆ ಇಳಿಯಿತು. ಪಿಎಂಐ ಅಂದರೆ ಖರೀದಿ ಮ್ಯಾನೇಜರ್‌ಗಳ ಸೂಚ್ಯಂಕ, 50 ಗಡಿ ಗೆರೆ ಇರುವ ಇಂಥದ್ದೇ ಅಳತೆ. ಮೇ ತಿಂಗಳಲ್ಲಿ ಅದು 12.6 ಆಯಿತು, ಎರಡು ಪಟ್ಟಿಗೂ ಮೀರಿದ ಏರಿಕೆ. ಆದರೆ 12.6 ಅಂದರೆ ಏಪ್ರಿಲ್‌ನ ಆ ಪಾತಾಳಕ್ಕಿಂತಲೂ ಮೇನಲ್ಲಿ ಕೆಲಸ ಇನ್ನೂ ಕಡಿಮೆ ಆಯಿತು ಅಂತ ಬಹುಪಾಲು ಕಂಪನಿಗಳು ಹೇಳಿದವು ಅಂತ ಅರ್ಥ. ಅಂಕಿ ಮೇಲೆ ಹೋಯಿತು, ವ್ಯಾಪಾರ ಇನ್ನೂ ಕೆಳಗೆ ಹೋಗುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಯಾರಿಕಾ ವಲಯದ ಪಿಎಂಐ 58.9 ಮುಟ್ಟಿತು. ಹತ್ತು ವರ್ಷಗಳಲ್ಲೇ ಎತ್ತರದ ಅಂಕಿ ಅಂತ ಸುದ್ದಿಯಾಯಿತು. ಹಾಗಂತ ಕಾರ್ಖಾನೆಗಳ ಉತ್ಪಾದನೆ ಹತ್ತು ವರ್ಷಗಳಲ್ಲೇ ಜಾಸ್ತಿ ಆಗಿರಲಿಲ್ಲ. ಬಿದ್ದವರು ಎದ್ದು ನಿಲ್ಲುತ್ತಿದ್ದರು, ಹಿಂದಿನ ತಿಂಗಳಿಗೆ ಹೋಲಿಸಿದರೆ ಎಲ್ಲ ಕಡೆ ‘ಜಾಸ್ತಿ’ಯೇ ಇತ್ತು. ಈ ಎರಡು ಉದಾಹರಣೆ ನೆನಪಿಟ್ಟುಕೊಂಡರೆ ಸಾಕು, ಇಂಥ ತಲೆಬರಹಗಳು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಈಗ ‘ವಿಶ್ವಾಸ’ ಅನ್ನೋ ಪದಕ್ಕೆ ಬರುತ್ತೇನೆ. ಇದು ನನಗೆ ಬಹಳ ಮುಖ್ಯವಾದ ವಿಷಯ, ಯಾಕೆಂದರೆ ಎರಡು ಬೇರೆ ಬೇರೆ ಸಂಗತಿಗಳು ಈ ಒಂದೇ ಹೆಸರಲ್ಲಿ ಓಡಾಡುತ್ತಿವೆ. ಪಿಎಂಐ ಥರದ ಸಮೀಕ್ಷೆ ನಡೆದದ್ದನ್ನು ಕೇಳುತ್ತದೆ: ಆರ್ಡರ್ ಬಂತೇ, ಉತ್ಪಾದನೆ ಆಯಿತೇ, ಜನರನ್ನು ಸೇರಿಸಿದಿರೇ. ಇನ್ನೊಂದು ಥರದ ಸಮೀಕ್ಷೆ ಅಭಿಪ್ರಾಯವನ್ನು ಕೇಳುತ್ತದೆ: ಪರಿಸ್ಥಿತಿ ಹೇಗಿದೆ ಅನ್ನಿಸುತ್ತದೆ, ಮುಂದೆ ಹೇಗಿರಬಹುದು. ಜರ್ಮನಿಯ ಈಫೋ ಸಂಸ್ಥೆ 1949ರಿಂದ ಇಂಥ ಸಮೀಕ್ಷೆ ನಡೆಸುತ್ತಿದೆ. ಈಗ ತಿಂಗಳಿಗೆ ಸುಮಾರು 9,000 ಕಂಪನಿಗಳು ಉತ್ತರಿಸುತ್ತವೆ. ಇಂದಿನ ಸ್ಥಿತಿ ಚೆನ್ನಾಗಿದೆಯೇ, ಪರವಾಗಿಲ್ಲವೇ, ಕೆಟ್ಟದಾಗಿದೆಯೇ ಅಂತ ಒಂದು ಪ್ರಶ್ನೆ. ಮುಂದಿನ ಆರು ತಿಂಗಳು ಹೇಗೆ ಅಂತ ಇನ್ನೊಂದು. ಎರಡನ್ನೂ ಬೆರೆಸಿ ಒಂದು ಅಂಕಿ ಮಾಡುತ್ತಾರೆ. ಅದು ಸತತ ಮೂರು ತಿಂಗಳು ಒಂದೇ ದಿಕ್ಕಿಗೆ ಹೋದರೆ ಮಾತ್ರ ‘ತಿರುವು ಬಂತು’ ಅಂತ ಓದುವ ಹಳೆಯ ರೂಢಿ ಅಲ್ಲಿದೆ. ನನಗೆ ಈ ರೂಢಿ ತುಂಬಾ ಇಷ್ಟ. ಒಂದು ತಿಂಗಳ ಅಂಕಿಯ ಮೇಲೆ ಯಾರೂ ತೀರ್ಮಾನ ಮಾಡಬಾರದು. ಐರೋಪ್ಯ ಒಕ್ಕೂಟದ ಆರ್ಥಿಕ ಮನೋಭಾವ ಸೂಚ್ಯಂಕದಲ್ಲಂತೂ ಕೈಗಾರಿಕೆಗೆ ಶೇಕಡಾ 40, ಸೇವೆಗಳಿಗೆ 30, ಬಳಕೆದಾರರಿಗೆ 20, ಚಿಲ್ಲರೆ ವ್ಯಾಪಾರ ಮತ್ತು ನಿರ್ಮಾಣಕ್ಕೆ ತಲಾ 5 ಅಂತ ಪಾಲು ಇದೆ. ಅಂದರೆ ಸಾಮಾನ್ಯ ಬಳಕೆದಾರರ ಮಾತೂ ಅದರಲ್ಲಿ ಸೇರಿದೆ.

ಅಭಿಪ್ರಾಯ ಕೇಳಿದಾಗ ಮನಸ್ಸಿನ ಹವಾಮಾನವೂ ಉತ್ತರದೊಳಗೆ ಬರುತ್ತದೆ. ಅಮೆರಿಕದಲ್ಲಿ ಸಣ್ಣ ಉದ್ಯಮಗಳ ಒಕ್ಕೂಟವಾದ ಎನ್‌ಎಫ್‌ಐಬಿ ಪ್ರಕಟಿಸುವ ಆಶಾವಾದ ಸೂಚ್ಯಂಕ 2016ರ ನವೆಂಬರ್‌ನಲ್ಲಿ 98.4 ಇತ್ತು. ಡಿಸೆಂಬರ್‌ನಲ್ಲಿ 105.8ಕ್ಕೆ ಹಾರಿತು. ನವೆಂಬರ್ ಆರಂಭದಲ್ಲಿ ಅಧ್ಯಕ್ಷರ ಚುನಾವಣೆ ಆಗಿತ್ತು. ಒಂದೇ ತಿಂಗಳಲ್ಲಿ ಅಷ್ಟು ಗಿರಾಕಿಗಳು ಅಂಗಡಿಗೆ ಬಂದಿರಲಿಲ್ಲ. ಏರಿಕೆಯ ದೊಡ್ಡ ಪಾಲು ಬಂದದ್ದು ‘ಮುಂದೆ ಪರಿಸ್ಥಿತಿ ಸುಧಾರಿಸುತ್ತದೆ’ ಅಂದವರಿಂದ. ಅವರು ಸುಳ್ಳು ಹೇಳಿದರು ಅಂತಲ್ಲ. ನಿಜವಾಗಿಯೂ ಹಾಗೆ ಅನ್ನಿಸಿತ್ತು. ಆದರೆ ಅನ್ನಿಸುವುದಕ್ಕೂ ಆರ್ಡರ್ ಬರುವುದಕ್ಕೂ ನಡುವೆ ದೂರ ಇದೆ.

ನ್ಯೂಜಿಲೆಂಡಿನಲ್ಲಿ ಎಎನ್‌ಝಡ್ ಬ್ಯಾಂಕು ನಡೆಸುವ ಸಮೀಕ್ಷೆ ಈ ದೂರವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ‘ದೇಶದ ವ್ಯಾಪಾರ ಪರಿಸ್ಥಿತಿ ಹೇಗಾಗುತ್ತದೆ?’ ಅಂತಲೂ ಕೇಳುತ್ತಾರೆ, ‘ನಿಮ್ಮ ಸ್ವಂತ ಕಂಪನಿಯ ಚಟುವಟಿಕೆ ಹೇಗಾಗುತ್ತದೆ?’ ಅಂತಲೂ ಬೇರೆಯಾಗಿ ಕೇಳುತ್ತಾರೆ. ದೇಶದ ಬಗ್ಗೆ ಜನ ತುಂಬಾ ನಿರಾಶೆಯಿಂದ ಮಾತಾಡಿ, ತಮ್ಮ ಕಂಪನಿ ಬಗ್ಗೆ ‘ಪರವಾಗಿಲ್ಲ’ ಅಂದದ್ದು ಎಷ್ಟೋ ಸಲ ಇದೆ. ಆರ್ಥಿಕತೆ ನಿಜವಾಗಿ ಹೋದ ದಾರಿಗೆ ಹತ್ತಿರ ಇರುವುದು ಎರಡನೇ ಉತ್ತರ. ನನ್ನ ಅನುಭವವೂ ಅದೇ. ಯಾರೇ ಆಗಲಿ ದೇಶದ ಬಗ್ಗೆ ಮಾತಾಡುವಾಗ ಸುದ್ದಿಯಲ್ಲಿ ಓದಿದ್ದನ್ನು ಹೇಳುತ್ತಾರೆ. ತಮ್ಮ ಘಟಕದ ಬಗ್ಗೆ ಮಾತಾಡುವಾಗ ತಾವು ಕಂಡದ್ದನ್ನು ಹೇಳುತ್ತಾರೆ.

ಇನ್ನು ನಿಮ್ಮ ಎರಡನೇ ಅನುಮಾನ, ಕೆಲವು ನೂರು ಕಂಪನಿಗಳ ಮಾತು ಇಡೀ ದೇಶಕ್ಕೆ ಹೇಗೆ ಸಾಕಾಗುತ್ತದೆ ಅನ್ನೋದು. ಭಾರತದ ತಯಾರಿಕಾ ಪಿಎಂಐಗೆ ಕೇಳುವುದು ಸುಮಾರು 400 ಕಂಪನಿಗಳನ್ನು. ಅವನ್ನು ಕಣ್ಣು ಮುಚ್ಚಿ ಆರಿಸುವುದಿಲ್ಲ. ಯಾವ ವಲಯ ಆರ್ಥಿಕತೆಯಲ್ಲಿ ಎಷ್ಟು ದೊಡ್ಡದು, ಎಷ್ಟು ಜನ ಕೆಲಸ ಮಾಡುವ ಕಂಪನಿಗಳು ಎಷ್ಟಿವೆ ಅಂತ ನೋಡಿ ಅದೇ ಪ್ರಮಾಣದಲ್ಲಿ ಪಟ್ಟಿ ಮಾಡುತ್ತಾರೆ. ತಿಂಗಳು ತಿಂಗಳೂ ಹೆಚ್ಚು ಕಡಿಮೆ ಅದೇ ಕಂಪನಿಗಳನ್ನು ಕೇಳುತ್ತಾರೆ. ಕೇಳುವುದು ಬದಲಾವಣೆಯ ದಿಕ್ಕನ್ನು ಮಾತ್ರ. ಹಾಗಾಗಿ ದಿಕ್ಕು ತಿಳಿಯಲು 400 ಸಾಕು. ಆದರೆ ಸಣ್ಣ ಏರಿಳಿತ ಅಳೆಯಲು ಸಾಲದು. ಒಂದೇ ಪ್ರಶ್ನೆಗೆ 400 ಉತ್ತರ ಬಂದರೆ, ಸುಮ್ನೆ ಆಕಸ್ಮಿಕವಾಗಿಯೇ ಅಂಕಿ ಒಂದೂವರೆ, ಎರಡು ಅಂಶ ಅತ್ತಿತ್ತ ಆಗಬಹುದು. 54.1 ಇದ್ದದ್ದು 53.8 ಆಯಿತು ಅಂತ ಯಾರಾದರೂ ಕಾರಣ ಹುಡುಕಿದರೆ ಆ ಪುಟ ತಿರುಗಿಸಿಬಿಡಿ.

ಸಂಖ್ಯೆಗಿಂತ ನನಗೆ ಚಿಂತೆಯ ವಿಷಯ, ಯಾರು ಉತ್ತರ ಕೊಡುವುದಿಲ್ಲ ಅನ್ನೋದು. ಬಾಗಿಲು ಮುಚ್ಚಿದ ಕಂಪನಿ ‘ಕಡಿಮೆ’ ಅಂತ ಗುರುತು ಹಾಕುವುದಿಲ್ಲ, ಪಟ್ಟಿಯಿಂದಲೇ ಹೋಗುತ್ತದೆ. ಸಾಲದ ಕಂತಿಗೆ ಒದ್ದಾಡುವವರಿಗೆ ಫಾರ್ಮ್ ತುಂಬುವ ವ್ಯವಧಾನ ಇರುವುದಿಲ್ಲ. ನೋಂದಣಿ ಇಲ್ಲದ ಪುಟ್ಟ ಘಟಕಗಳು ಬಹುತೇಕ ಸಮೀಕ್ಷೆಗಳ ಕಣ್ಣಿಗೇ ಬೀಳುವುದಿಲ್ಲ. ಜಪಾನಿನ ಕೇಂದ್ರ ಬ್ಯಾಂಕು ಮೂರು ತಿಂಗಳಿಗೊಮ್ಮೆ ನಡೆಸುವ ತಾಂಕನ್ ಸಮೀಕ್ಷೆಗೆ ಸುಮಾರು ಶೇಕಡಾ 99ರಷ್ಟು ಕಂಪನಿಗಳು ಉತ್ತರಿಸುತ್ತವೆ. ಆ ಸಮೀಕ್ಷೆಗೆ ಇರುವ ಗೌರವಕ್ಕೆ ಇದೂ ಒಂದು ಕಾರಣ. ಎಲ್ಲ ಕಡೆ ಹಾಗಿಲ್ಲ.

ಉತ್ತರ ಬಂದರೂ ಅದನ್ನು ಹೇಗೆ ಅರ್ಥ ಮಾಡಿಕೊಂಡು ಬರೆದರು ಅನ್ನೋದು ಇನ್ನೊಂದು ಕಥೆ. ಹಲವು ವರ್ಷ ನಾನು ಇಂಥ ಫಾರ್ಮ್‌ಗಳನ್ನು ಪರಿಶೀಲಿಸುವ ಕೆಲಸ ಮಾಡಿದೆ. ಒಂದು ಫಾರ್ಮ್ ಚೆನ್ನಾಗಿ ನೆನಪಿದೆ. ಉತ್ಪಾದನೆ ‘ಕಡಿಮೆ’, ಕಚ್ಚಾ ಮಾಲಿನ ಖರೀದಿ ‘ಕಡಿಮೆ’, ಹೊಸ ಆರ್ಡರ್ ಮಾತ್ರ ‘ಅಷ್ಟೇ’. ಹೊಂದಾಣಿಕೆ ಆಗಲಿಲ್ಲ. ಫೋನ್ ಮಾಡಿದೆ. ಖರೀದಿ ಮ್ಯಾನೇಜರ್ ಸಮಾಧಾನದಿಂದ ಹೇಳಿದರು: ‘ಆರ್ಡರ್ ಕಡಿಮೆಯೇ ಆಗಿದೆ. ಆದರೆ ಈ ತಿಂಗಳು ಪ್ರತಿ ವರ್ಷವೂ ಕಡಿಮೆಯೇ. ಅದಕ್ಕೇ ಅಷ್ಟೇ ಅಂತ ಹಾಕಿದೆ.’ ತಪ್ಪು ಅವರದಲ್ಲ. ಕೆಲವು ಸಮೀಕ್ಷೆಗಳು ‘ಋತುಮಾನದ ಏರಿಳಿತ ಬಿಟ್ಟು ಹೇಳಿ’ ಅನ್ನುತ್ತವೆ. ಇನ್ನು ಕೆಲವು ‘ಇದ್ದದ್ದು ಇದ್ದ ಹಾಗೆ ಹೇಳಿ, ಋತುಮಾನದ ಲೆಕ್ಕವನ್ನು ನಾವು ಆಮೇಲೆ ಸರಿ ಮಾಡುತ್ತೇವೆ’ ಅನ್ನುತ್ತವೆ. ನಮ್ಮದು ಎರಡನೇ ಬಗೆ. ಅವರು ಮನಸ್ಸಿನಲ್ಲೇ ಒಂದು ಸಲ ಸರಿ ಮಾಡಿದ್ದರು, ನಾವು ಲೆಕ್ಕದಲ್ಲಿ ಇನ್ನೊಂದು ಸಲ ಸರಿ ಮಾಡುತ್ತಿದ್ದೆವು. ಆ ದಿನ ಫೋನ್ ಮಾಡದೆ ಇದ್ದಿದ್ದರೆ, ಎಂದಿನ ಹಾಗೆಯೇ ನಡೆಯುತ್ತಿದ್ದ ಒಂದು ಕಂಪನಿ ನಮ್ಮ ಲೆಕ್ಕದಲ್ಲಿ ಆರ್ಡರ್ ಏರಿದೆ ಅಂತ ಸೇರಿಬಿಡುತ್ತಿತ್ತು. ಆಮೇಲೆ ಫಾರ್ಮಿನ ಆ ಸಾಲಿನ ಕೆಳಗೇ ಸೂಚನೆ ಅಚ್ಚು ಹಾಕಿಸಿದೆವು.

ಲೆಕ್ಕದೊಳಗೇ ಇರುವ ಇನ್ನೊಂದು ತೊಡಕನ್ನೂ ಹೇಳಬೇಕು. ತಯಾರಿಕಾ ಪಿಎಂಐಯ ಮುಖ್ಯ ಅಂಕಿ ಐದು ಉತ್ತರಗಳ ಮಿಶ್ರಣ. ಭಾರತದ ಪಿಎಂಐ ಸಿದ್ಧಪಡಿಸುವ ಎಸ್ ಆ್ಯಂಡ್ ಪಿ ಗ್ಲೋಬಲ್ ಸಂಸ್ಥೆ ಬಳಸುವ ಸೂತ್ರದಲ್ಲಿ ಹೊಸ ಆರ್ಡರ್‌ಗೆ ಶೇಕಡಾ 30, ಉತ್ಪಾದನೆಗೆ 25, ಉದ್ಯೋಗಕ್ಕೆ 20, ಸರಕು ಬಂದು ತಲುಪುವ ಸಮಯಕ್ಕೆ 15, ಖರೀದಿ ಮಾಡಿಟ್ಟ ದಾಸ್ತಾನಿಗೆ 10. ಸರಕು ತಡವಾಗಿ ಬಂದರೆ ಅದನ್ನು ಒಳ್ಳೆಯ ಲಕ್ಷಣ ಅಂತ ಎಣಿಸುತ್ತಾರೆ. ಬೇಡಿಕೆ ಜಾಸ್ತಿ ಆದಾಗ ಪೂರೈಕೆದಾರರು ಬಿಡುವಿಲ್ಲದೆ ತಡ ಮಾಡುತ್ತಾರೆ ಅನ್ನೋದು ಇದರ ಹಿಂದಿನ ತರ್ಕ. ಸಾಮಾನ್ಯ ಕಾಲದಲ್ಲಿ ಅದು ಸರಿ. ಕೋವಿಡ್ ಕಾಲದಲ್ಲಿ ಬಂದರು, ಕಾರ್ಖಾನೆಗಳೇ ಮುಚ್ಚಿ ಸರಕು ತಡವಾಯಿತು. ಆ ತಡವೂ ಹಲವು ದೇಶಗಳ ಸೂಚ್ಯಂಕವನ್ನು ಇರಬೇಕಾದ್ದಕ್ಕಿಂತ ಮೇಲಕ್ಕೆ ಎತ್ತಿತು. ಮುಖ್ಯ ಅಂಕಿಯೊಂದನ್ನೇ ನೋಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಷ್ಟೆಲ್ಲ ಕೊರತೆ ಇದ್ದ ಮೇಲೆ ಇವು ಯಾಕೆ ಬೇಕು ಅಂತ ನೀವು ಕೇಳಬಹುದು. ಬೇಗ ಸಿಗುತ್ತವೆ, ಅದಕ್ಕೆ. ದೇಶದ ಒಟ್ಟು ಉತ್ಪನ್ನದ ಲೆಕ್ಕ ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದೂ ತಿಂಗಳುಗಳ ನಂತರ ಬಂದು, ಮತ್ತೆ ತಿದ್ದುಪಡಿ ಆಗುತ್ತದೆ. ಪಿಎಂಐ ಮುಂದಿನ ತಿಂಗಳ ಮೊದಲ ಕೆಲಸದ ದಿನಗಳಲ್ಲೇ ಕೈಗೆ ಬರುತ್ತದೆ. ಬಡ್ಡಿ ದರ ನಿರ್ಧರಿಸುವವರು, ಬಂಡವಾಳ ಹಾಕುವವರು ಇವನ್ನು ಗಮನಿಸುವುದು ಅದಕ್ಕೇ.

ಈಗ ನಿಮ್ಮ ಯಂತ್ರದ ವಿಷಯ. 54 ನೋಡಿ ಸಾಲ ತೆಗೆದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಬಿಡಿಭಾಗ ಕೊಳ್ಳುವವರೂ ಇದ್ದಾರೆ, ನಿಮಗೆ ಸಂಬಂಧವೇ ಇಲ್ಲದ ಬಟ್ಟೆ, ಔಷಧಿ ಮಾಡುವವರೂ ಇದ್ದಾರೆ. ದೇಶದ ಸರಾಸರಿ ನಿಮ್ಮ ಕಂತು ಕಟ್ಟುವುದಿಲ್ಲ. ಹಾಗಂತ ಸೂಚ್ಯಂಕವನ್ನು ಪೂರ್ತಿ ಬದಿಗಿಟ್ಟು ಬರೀ ನಿಮ್ಮ ಪುಸ್ತಕ ನೋಡಿದರೂ ಅಪಾಯ ಇದೆ. ಮೂರು ತಿಂಗಳ ಇಳಿಕೆಗೆ ಹೆದರಿ ಕೈಕಟ್ಟಿ ಕೂತರೆ, ಬೇಡಿಕೆ ತಿರುಗಿದಾಗ ಸಮಯಕ್ಕೆ ಮಾಲು ಕೊಡಲಾಗದೆ ಗಿರಾಕಿ ಕೈತಪ್ಪಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ಸಮೀಕ್ಷೆಯ ಪೂರ್ತಿ ವರದಿ ತೆರೆದು ಎರಡು ಸಾಲು ಹುಡುಕುತ್ತಿದ್ದೆ: ಹೊಸ ಆರ್ಡರ್, ಮತ್ತು ಮಾರಾಟವಾಗದೆ ಉಳಿದ ಸಿದ್ಧ ಮಾಲಿನ ದಾಸ್ತಾನು. ಆರ್ಡರ್ ಏರುತ್ತಾ ದಾಸ್ತಾನು ಇಳಿಯುತ್ತಿದ್ದರೆ ಮುಂದೆ ಉತ್ಪಾದನೆ ಹೆಚ್ಚಿಸಲೇಬೇಕು. ಆರ್ಡರ್ ನಿಂತು ದಾಸ್ತಾನು ಏರುತ್ತಿದ್ದರೆ ಮುಖ್ಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ಹುಷಾರಾಗಿರಬೇಕು. ಮೂರು ತಿಂಗಳ ಸರಾಸರಿ ಹಾಕಿ ನೋಡಿ. ಯಂತ್ರೋಪಕರಣ ವಲಯದ ವಿವರ ಬೇರೆ ಕೊಟ್ಟಿದ್ದರೆ ಅದನ್ನೇ ನೋಡಿ.

ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ನಿಮ್ಮದೇ ಪುಟ್ಟ ಸಮೀಕ್ಷೆ ಮಾಡಿ. ನಿಮ್ಮಿಂದ ಹೆಚ್ಚು ಕೊಳ್ಳುವ ಹತ್ತು ಗಿರಾಕಿಗಳಿಗೆ ಪ್ರತಿ ತಿಂಗಳು ಒಂದೇ ದಿನ ಫೋನ್ ಮಾಡಿ. ‘ವ್ಯಾಪಾರ ಹೇಗಿದೆ?’ ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ‘ನಡೀತಿದೆ’ ಅಂತಲೇ ಹೇಳುತ್ತಾರೆ. ಹೋದ ತಿಂಗಳಿಗಿಂತ ನಿಮ್ಮ ಉತ್ಪಾದನೆ ಜಾಸ್ತಿಯೋ, ಅಷ್ಟೆಯೋ, ಕಡಿಮೆಯೋ? ನಮ್ಮ ಬಿಡಿಭಾಗ ನಿಮ್ಮ ಗೋದಾಮಿನಲ್ಲಿ ಎಷ್ಟು ವಾರಕ್ಕೆ ಆಗುವಷ್ಟಿದೆ? ಈ ಎರಡೇ ಪ್ರಶ್ನೆ ಸಾಕು.

ಮೂರು ಥರದ ಚಿತ್ರ ಸಿಗಬಹುದು. ಅವರ ಉತ್ಪಾದನೆಯೂ ಇಳಿದಿದ್ದರೆ ಇದು ವಲಯದ ಇಳಿಕೆ. ಯಂತ್ರ ಈಗ ಬೇಡ. ಅವರ ಉತ್ಪಾದನೆ ಹಾಗೇ ಇದ್ದು ಗೋದಾಮಿನಲ್ಲಿ ನಿಮ್ಮ ಮಾಲು ತುಂಬಿದ್ದರೆ, ಅವರು ದಾಸ್ತಾನು ಕರಗಿಸುತ್ತಿದ್ದಾರೆ. ಅದು ಕರಗಿದ ಮೇಲೆ ಆರ್ಡರ್ ವಾಪಸ್ ಬರುತ್ತದೆ, ನಿಮ್ಮ ಈಗಿನ ಪುಸ್ತಕ ಪರಿಸ್ಥಿತಿಯನ್ನು ಇರುವುದಕ್ಕಿಂತ ಕೆಟ್ಟದಾಗಿ ತೋರಿಸುತ್ತಿದೆ. ಅವರ ಉತ್ಪಾದನೆ ಏರಿ, ದಾಸ್ತಾನೂ ಕಡಿಮೆ ಇದ್ದು, ನಿಮಗೆ ಆರ್ಡರ್ ಬರುತ್ತಿಲ್ಲ ಅಂದರೆ ಅವರು ಬೇರೆಯವರಿಂದ ಕೊಳ್ಳುತ್ತಿದ್ದಾರೆ. ಇದು ಕೇಳಲು ಕಷ್ಟದ ಸುದ್ದಿ, ಆದರೆ ಬೇಗ ತಿಳಿಯಲೇಬೇಕಾದ ಸುದ್ದಿ. ಅಲ್ಲಿ ಪ್ರಶ್ನೆ ದೇಶದ ವಿಶ್ವಾಸದ್ದಲ್ಲ. ನಿಮ್ಮ ದರ, ಗುಣಮಟ್ಟ, ತಲುಪಿಸುವ ಸಮಯ ಇವುಗಳದ್ದು. ಹಳೆಯ ಯಂತ್ರದಿಂದಲೇ ತಡವಾಗುತ್ತಿದ್ದರೆ ಹೊಸ ಯಂತ್ರವೇ ಪರಿಹಾರ ಆಗಬಹುದು. ದರದಿಂದ ಸೋಲುತ್ತಿದ್ದರೆ ಸಾಲದ ಬಡ್ಡಿ ಸೇರಿ ದರ ಇನ್ನೂ ಏರುತ್ತದೆ.

ಈ ಪುಟ್ಟ ಸಮೀಕ್ಷೆಗೂ ಮಿತಿ ಇದೆ. ಹತ್ತು ಅಂದರೆ ತುಂಬಾ ಕಡಿಮೆ, ಒಬ್ಬ ದೊಡ್ಡ ಗಿರಾಕಿ ಇಡೀ ಚಿತ್ರ ಬದಲಿಸಿಬಿಡುತ್ತಾನೆ. ಸಂಕೋಚಕ್ಕೆ ‘ಮುಂದಿನ ತಿಂಗಳು ಕೊಡ್ತೀವಿ’ ಅನ್ನುವವರೂ ಇರುತ್ತಾರೆ. ಅದಕ್ಕೇ ಭರವಸೆ ಕೇಳಬೇಡಿ, ನಡೆದದ್ದನ್ನು ಮಾತ್ರ ಕೇಳಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳ ಉತ್ತರ ಕೈಗೆ ಬರುವವರೆಗೆ, ಕೆಲಸ ಜಾಸ್ತಿ ಬಂದರೆ ಎರಡನೇ ಪಾಳಿ ಓಡಿಸಬಹುದು, ಇಲ್ಲವೇ ಹೊರಗೆ ಮಾಡಿಸಬಹುದು. ಬಿಡಿಭಾಗವೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ. ಹೊರಗೆ ಮಾಡಿಸಿದರೆ ಗುಣಮಟ್ಟದ ಮೇಲೆ ಕಣ್ಣಿಡಬೇಕಾಗುತ್ತದೆ. ಆದರೂ ಆ ಖರ್ಚು ಒಂದೆರಡು ತಿಂಗಳಿಗೆ ಮುಗಿಯುತ್ತದೆ, ಯಂತ್ರದ ಸಾಲ ವರ್ಷಗಟ್ಟಲೆ ಇರುತ್ತದೆ.

ಕೊನೆಗೆ ನಿಮಗೆ ಬಂದ ಫಾರ್ಮ್. ನಡೆಸುವವರು ಯಾರು, ನಿಮ್ಮ ಉತ್ತರವನ್ನು ಗುಟ್ಟಾಗಿ ಇಡುತ್ತಾರೆಯೇ ಅಂತ ವಿಚಾರಿಸಿಕೊಳ್ಳಿ. ಅದು ಸರಿ ಇದ್ದರೆ ದಯವಿಟ್ಟು ತುಂಬಿ. ಹಲವು ಸಮೀಕ್ಷೆಗಳು ಉತ್ತರಿಸಿದವರಿಗೆ ವಿವರವಾದ ವರದಿ ಕಳಿಸುತ್ತವೆ, ಅದು ನಿಮಗೇ ಉಪಯೋಗ. ಇಪ್ಪತ್ತೆರಡು ಜನರ ಘಟಕಗಳ ದನಿ ಈ ಅಂಕಿಗಳಲ್ಲಿ ಕಡಿಮೆ ಇದೆ ಅಂತ ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ. ಉತ್ತರವನ್ನು ಗುಮಾಸ್ತರ ಅಂದಾಜಿಗೆ ಬಿಡಬೇಡಿ, ಆರ್ಡರ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೀವೇ ತುಂಬಿ. ಋತುಮಾನದ ಬಗ್ಗೆ ಏನು ಸೂಚನೆ ಇದೆ ಅಂತ ಒಂದು ಸಲ ಓದಿ. ಆಮೇಲೆ, ಸುದ್ದಿಯಲ್ಲಿ ಎಷ್ಟೇ ಬಂದಿರಲಿ, ಆರ್ಡರ್ ಕಡಿಮೆ ಆಗಿದ್ದರೆ ‘ಕಡಿಮೆ’ ಅನ್ನೋ ಚೌಕಕ್ಕೇ ಗುರುತು ಹಾಕಿ.